ವಾಯುಯುದ್ಧದ ಐತಿಹ್ಯಗಳೂ ಯುದ್ಧದಾಖಲೆಗಳೂ: ೧೯೬೫ರ ಸರ್ಗೋಧಾ ಪ್ರಸಂಗದ ಒಂದು ವಿಮರ್ಶೆ

(೧)

ಯುದ್ಧವು ಮುಗಿದ ಮೇಲೆ ಎರಡು ಬಗೆಯ ಸಾಮಗ್ರಿ ಉಳಿದುಬರುತ್ತದೆ. ಒಂದು, ಜನರ ಬಾಯಲ್ಲಿ ಬೆಳೆಯುವ ಕಥೆಗಳು. ಇನ್ನೊಂದು, ಕಚೇರಿಗಳ ಕಪಾಟುಗಳಲ್ಲಿ ಸೇರಿಕೊಳ್ಳುವ ಕಾಗದಪತ್ರಗಳು. ಮೊದಲನೆಯದು ಎಲ್ಲರಿಗೂ ಸುಲಭವಾಗಿ ದೊರೆಯುತ್ತದೆ. ಎರಡನೆಯದನ್ನು ಹುಡುಕಿ ಓದುವವರು ವಿರಳ. ಇವೆರಡನ್ನೂ ಎದುರುಬದುರು ಇರಿಸಿ ನೋಡಿದಾಗ ಹೊರಡುವ ಫಲವೇನು ಎಂಬುದೇ ಪ್ರಕೃತ ಲೇಖನದ ವಿಷಯ. ಇದಕ್ಕಾಗಿ ನಾವು ೧೯೬೫ರ ಭಾರತ-ಪಾಕಿಸ್ತಾನ ಯುದ್ಧದ ವೈಮಾನಿಕ ಪ್ರಸಂಗಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇವೆ. ಅವುಗಳಲ್ಲಿ ಮುಖ್ಯವಾದುದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು.

ವಿಜಯಪುರದಲ್ಲಿ ಕುಳಿತು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವಿಲ್ಲದಿಲ್ಲ. ೧೯೬೩ರಲ್ಲಿ ಇಲ್ಲಿ ಸೈನಿಕ ಶಾಲೆ ಸ್ಥಾಪಿತವಾದಂದಿನಿಂದ ಸೈನ್ಯದ ವೃತ್ತಾಂತಗಳು ಈ ಊರಿಗೆ ಪರಕೀಯವಾಗಿ ಉಳಿದಿಲ್ಲ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ನಗರದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ಇತಿಹಾಸದ ಕಿರುಪ್ರಬಂಧಕ್ಕೆ ವಿಷಯವನ್ನು ಆರಿಸುವಾಗ ವೀರಯೋಧರ ಸಾಹಸಗಳತ್ತ ಒಲಿಯುವುದು ಸಹಜವೇ ಆಗಿದೆ. ಆದರೆ ಕೇಳಿದ ಕಥೆಯನ್ನೇ ಪ್ರಮಾಣವೆಂದು ಬರೆದುಬಿಡುವ ರೂಢಿ ಬಲವಾಗಿದೆ. ಅದಕ್ಕೆ ಪ್ರತಿಯಾಗಿ, ವೀರಕಥೆಗಳೆಲ್ಲ ಕಟ್ಟುಕಥೆಗಳೇ ಎಂದು ತಳ್ಳಿಹಾಕುವ ಇನ್ನೊಂದು ರೂಢಿಯೂ ಈಚೆಗೆ ಹಬ್ಬುತ್ತಿದೆ. ಈ ಎರಡೂ ಇತಿಹಾಸಕಾರನ ಕೆಲಸವನ್ನು ತಪ್ಪಿಸಿಕೊಳ್ಳುವ ಉಪಾಯಗಳೇ ಎಂಬುದು ನಮ್ಮ ಅಭಿಮತ.

(೨)

ಮೊದಲು ವಾಯುಯುದ್ಧದ ದಾಖಲೆಗಳ ಸ್ವರೂಪವನ್ನು ತಿಳಿಯಬೇಕು. ಭೂಸೈನ್ಯದ ಯುದ್ಧದಲ್ಲಿ ಗೆದ್ದವನು ರಣಭೂಮಿಯಲ್ಲಿ ನಿಂತು ಸತ್ತವರನ್ನೂ ಮುರಿದ ತೋಪುಗಳನ್ನೂ ಎಣಿಸಬಲ್ಲನು. ವೈಮಾನಿಕನಿಗೆ ಈ ಅನುಕೂಲವಿಲ್ಲ. ಗಂಟೆಗೆ ಎಂಟುನೂರು ಒಂಬೈನೂರು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವವನಿಗೆ ಎದುರಾಳಿಯು ಕಣ್ಣಿಗೆ ಬೀಳುವುದು ಕೆಲವು ಕ್ಷಣಗಳು ಮಾತ್ರ. ಗುಂಡು ತಗುಲಿದ್ದು ಕಾಣುತ್ತದೆ, ಹೊಗೆ ಎದ್ದದ್ದು ಕಾಣುತ್ತದೆ, ವಿಮಾನವು ಕೆಳಕ್ಕೆ ವಾಲಿದ್ದು ಕಾಣುತ್ತದೆ. ಅದು ನೆಲಕ್ಕೆ ಬಿದ್ದಿತೋ, ಹೊಗೆಯುಗುಳುತ್ತಲೇ ತನ್ನ ನಿಲ್ದಾಣವನ್ನು ಸೇರಿತೋ ಎಂಬುದನ್ನು ನಿಂತು ನೋಡುವಂತಿಲ್ಲ, ನಿಂತವನು ತಾನೇ ಗುರಿಯಾಗುತ್ತಾನೆ. ಒಂದೇ ವಿಮಾನಕ್ಕೆ ಇಬ್ಬರು ಗುಂಡು ಹೊಡೆದು, ಇಬ್ಬರೂ ಅದನ್ನು ತಂತಮ್ಮ ಲೆಕ್ಕಕ್ಕೆ ಬರೆಯಿಸುವುದೂ ಉಂಟು. ತೋಪಿನ ಕ್ಯಾಮೆರಾ ಗುಂಡು ತಗುಲಿತೆಂಬುದನ್ನು ತೋರಿಸೀತು. ಅನಂತರದ ಗತಿಯನ್ನು ಅದು ಯಾವಾಗಲೂ ತೋರಿಸಲಾರದು.

ಇದಕ್ಕೆ ಪ್ರಸಿದ್ಧ ನಿದರ್ಶನವು ಬ್ರಿಟನ್ನಿನ ವಾಯುಸಮರದಲ್ಲಿದೆ. ೧೯೪೦ರ ಸೆಪ್ಟೆಂಬರ್ ೧೫ರಂದು ೧೮೫ ಜರ್ಮನ್ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟಿಷರು ಸಾರಿದರು. ಯುದ್ಧಾನಂತರ ಜರ್ಮನರ ನಷ್ಟಪಟ್ಟಿಗಳನ್ನು ಪರಿಶೀಲಿಸಿದಾಗ ಆ ಸಂಖ್ಯೆ ಸುಮಾರು ೬೦ಕ್ಕೆ ಇಳಿಯಿತು. ಆ ವೈಮಾನಿಕರು ಸುಳ್ಳುಗಾರರೆಂದು ಇದರಿಂದ ಯಾರೂ ಹೇಳಲಿಲ್ಲ, ಹೇಳಕೂಡದು. ಅವರು ಕಂಡದ್ದನ್ನು ಹೇಳಿದರು. ಕಂಡದ್ದು ಪೂರ್ಣವಾಗಿರಲಿಲ್ಲ, ಅಷ್ಟೆ.

ಆದಕಾರಣ ವಾಯುಯುದ್ಧದ ಐತಿಹಾಸಿಕ ವಿಮರ್ಶೆಯಲ್ಲಿ ಒಂದು ಮೂಲಸೂತ್ರ ಏರ್ಪಟ್ಟಿದೆ. ಗೆದ್ದವನ ಪುಸ್ತಕದಲ್ಲಿರುವುದು ಹಕ್ಕೊತ್ತಾಯ. ಸೋತವನ ಪುಸ್ತಕದಲ್ಲಿರುವುದು ಪ್ರಮಾಣ. ಸೋತವನೂ ತನ್ನ ನಷ್ಟವನ್ನು ಮುಚ್ಚಿಡಲಾರನೇ ಎಂಬ ಆಕ್ಷೇಪವು ಇಲ್ಲಿ ಬರುತ್ತದೆ. ಪತ್ರಿಕಾ ಪ್ರಕಟಣೆಯಲ್ಲಿ ಮುಚ್ಚಿಡಬಹುದು, ಆದರೆ ಬಹುಕಾಲ ಮುಚ್ಚಿಡುವುದು ಕಷ್ಟ. ಪ್ರತಿಯೊಂದು ವಿಮಾನಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಪ್ರತಿಯೊಬ್ಬ ವೈಮಾನಿಕನಿಗೂ ಒಂದು ಮನೆ ಇರುತ್ತದೆ. ಸತ್ತವನಾದರೆ ಅವನ ಕುಟುಂಬಕ್ಕೆ ನಿವೃತ್ತಿವೇತನ ಸಲ್ಲಬೇಕು. ಸೆರೆಸಿಕ್ಕವನಾದರೆ ಸೆರೆಯಾಳುಗಳ ಪಟ್ಟಿಯಲ್ಲಿ ಹೆಸರು ಬರಬೇಕು. ಬದುಕಿದವನಾದರೆ ಅವನು ಮುಂದೆ ಎಲ್ಲಿಯೋ ಕೆಲಸ ಮಾಡುತ್ತಿರಬೇಕು. ಇಷ್ಟು ದಾರಿಗಳನ್ನೂ ಏಕಕಾಲಕ್ಕೆ ಮುಚ್ಚುವುದು ಯಾವ ಸರಕಾರಕ್ಕೂ ಸುಲಭಸಾಧ್ಯವಲ್ಲ.

(೩)

ಈಗ ದೇವಯ್ಯನವರ ಪ್ರಸಂಗವನ್ನು ಪರಾಮರ್ಶಿಸೋಣ. ಇವರು ೧೯೩೨ರಲ್ಲಿ ಕೊಡಗಿನಲ್ಲಿ ಜನಿಸಿ, ೧೯೫೪ರಲ್ಲಿ ವಾಯುದಳವನ್ನು ಸೇರಿ, ವಿಮಾನಚಾಲನೆಯ ಶಿಕ್ಷಕರಾಗಿ ಹೆಸರು ಪಡೆದಿದ್ದರು. ಯುದ್ಧಕಾಲದಲ್ಲಿ ಅವರು ೧ನೆಯ ಸ್ಕ್ವಾಡ್ರನ್ನಿನಲ್ಲಿ ಇದ್ದರು. ೧೯೬೫ರ ಸೆಪ್ಟೆಂಬರ್ ೭ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ ಮಿಸ್ಟೆರ್ ವಿಮಾನಗಳ ತಂಡವು ಪಾಕಿಸ್ತಾನದ ಪ್ರಧಾನ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿಗೆ ಹೊರಟಿತು. ದೇವಯ್ಯನವರು ಆ ತಂಡದಲ್ಲಿ ಕಾದಿರಿಸಿದ ವಿಮಾನದ ಚಾಲಕರು. ಮೊದಲ ಪಟ್ಟಿಯ ವಿಮಾನವೊಂದು ಹೊರಡಲಾಗದೆ ಹೋದುದರಿಂದ ಅವರಿಗೆ ಅವಕಾಶ ಒದಗಿತು. ದಾಳಿಯನ್ನು ಮುಗಿಸಿ ಉಳಿದವರೆಲ್ಲ ಹಿಂತಿರುಗಿದರು. ದೇವಯ್ಯನವರು ಹಿಂತಿರುಗಲಿಲ್ಲ. ಅವರಿಗೇನಾಯಿತೆಂಬುದನ್ನು ತಂಡದವರಲ್ಲಿ ಯಾರೂ ಕಂಡಿರಲಿಲ್ಲ. ಹೀಗಾಗಿ ಭಾರತದ ದಾಖಲೆಯಲ್ಲಿ ಉಳಿದದ್ದು ಅವರು ಕಾಣೆಯಾದರೆಂಬ ಸಂಗತಿ ಮಾತ್ರ.

ಅದೇ ಬೆಳಿಗ್ಗೆ ಪಾಕಿಸ್ತಾನದ ಲೆಕ್ಕದಲ್ಲಿ ಇನ್ನೊಂದು ನಷ್ಟ ದಾಖಲಾಯಿತು. ಅವರ ೯ನೆಯ ಸ್ಕ್ವಾಡ್ರನ್ನಿನ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ನಡೆಸುತ್ತಿದ್ದ ಎಫ್-೧೦೪ ಸ್ಟಾರ್‌ಫೈಟರ್ ವಿಮಾನವು ದಾಳಿಕಾರರನ್ನು ಅಡ್ಡಗಟ್ಟಲು ಹೋಗಿ ನಾಶವಾಯಿತು. ಆತನು ಹೊರಕ್ಕೆ ಹಾರಿ ಬದುಕಿಕೊಂಡನು. ಶಬ್ದದ ವೇಗಕ್ಕೆ ಇಮ್ಮಡಿ ವೇಗದಲ್ಲಿ ಹಾರಬಲ್ಲ ಈ ವಿಮಾನಗಳು ಅಮೆರಿಕೆಯಿಂದ ಪಾಕಿಸ್ತಾನಕ್ಕೆ ಬಂದಿದ್ದುದು ಹನ್ನೆರಡು ಮಾತ್ರ. ಅಷ್ಟು ಕಡಿಮೆ ಸಂಖ್ಯೆಯ ಪೈಕಿ ಒಂದು ಹೋದರೆ ಅದನ್ನು ಮರೆಸುವುದು ಸಾಧ್ಯವಿಲ್ಲ. ಆದರೆ ಈ ನಷ್ಟದ ಕಾರಣವು ಭಾರತದಲ್ಲಿ ಬಹುಕಾಲ ತಿಳಿಯಲಿಲ್ಲ.

೧೯೭೯ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ೧೯೬೫ರ ವಾಯುಯುದ್ಧವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಪಾಕಿಸ್ತಾನದ ವಾಯುದಳದ ನೆರವಿನಿಂದ ರಚಿತವಾದ ಈ ಗ್ರಂಥದ ಒಲವು ಯಾವ ಕಡೆಗೆಂಬುದು ಅದನ್ನು ಓದಿದವರಿಗೆ ಗುಪ್ತವಲ್ಲ. ಆ ಗ್ರಂಥದಲ್ಲಿಯೇ ಈ ವೃತ್ತಾಂತ ಹೊರಬಂದಿತು: ಅಮ್ಜದನು ಹಿಂತಿರುಗುತ್ತಿದ್ದ ಒಂದು ಮಿಸ್ಟೆರ್ ವಿಮಾನಕ್ಕೆ ಗುಂಡಿನೇಟು ಕೊಟ್ಟನು, ಏಟು ತಿಂದ ಆ ವಿಮಾನವು ಬೀಳುವುದಕ್ಕೆ ಬದಲಾಗಿ ತಿರುಗಿ ಹೋರಾಡಿತು, ನೆಲಕ್ಕೆ ಸಮೀಪದಲ್ಲಿ ನಡೆದ ಆ ಕಾಳಗದಲ್ಲಿ ಮಿಸ್ಟೆರಿನ ತೋಪುಗಳಿಂದ ಸ್ಟಾರ್‌ಫೈಟರ್ ಹತವಾಯಿತು. ಆ ಮಿಸ್ಟೆರಿನ ಚಾಲಕನು ಯಾರೆಂಬುದು ಅಲ್ಲಿ ಬಂದಿರಲಿಲ್ಲ.

ಚಾಲಕನನ್ನು ಗುರುತಿಸಿದ್ದು ಪರಿಶೇಷನ್ಯಾಯದಿಂದ. ಆ ದಿನ ಸರ್ಗೋಧಾದ ದಾರಿಯಲ್ಲಿ ಕಳೆದುಹೋದ ಮಿಸ್ಟೆರ್ ಒಂದೇ ಅಲ್ಲ; ಅನಂತರ ನಡೆದ ಇನ್ನೊಂದು ದಾಳಿಯಲ್ಲಿ ಅದೇ ೧ನೆಯ ಸ್ಕ್ವಾಡ್ರನ್ನಿನ ಫ್ಲೈಟ್ ಲೆಫ್ಟಿನೆಂಟ್ ಗುಹಾ ಅವರ ವಿಮಾನವೂ ಹೋಯಿತು. ಆದರೆ ಗುಹಾ ಅವರ ವಿಮಾನವನ್ನು ಕೆಡವಿದ್ದು ಸೇಬರ್ ವಿಮಾನ. ಅದರ ವೇಳೆಯೂ ಬೇರೆ. ಬೆಳಗಿನ ಜಾವದ ತಂಡದಲ್ಲಿ ಹಿಂತಿರುಗದವರು ದೇವಯ್ಯನವರೊಬ್ಬರೇ. ದಿನಾಂಕವೊಂದನ್ನೇ ನೆಚ್ಚಿದ್ದರೆ ಇಬ್ಬರಲ್ಲಿ ಯಾರೆಂಬ ಸಂಶಯ ಉಳಿಯುತ್ತಿತ್ತು. ವೇಳೆಯನ್ನೂ ಎದುರಾಳಿಯ ವಿಮಾನದ ಜಾತಿಯನ್ನೂ ಸೇರಿಸಿ ನೋಡಿದಾಗ ಸಂಶಯಕ್ಕೆ ಎಡೆಯಿಲ್ಲ. ಕಡೆಗೆ ೧೯೮೮ರಲ್ಲಿ, ಎಂದರೆ ಘಟನೆ ನಡೆದ ೨೩ ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಇಲ್ಲಿ ಫ್ರಿಕರನ ಸಾಕ್ಷ್ಯದ ಬೆಲೆಯನ್ನು ಬೇರೆಯಾಗಿ ತೂಗಬೇಕು. ಸ್ಟಾರ್‌ಫೈಟರ್ ನಾಶವಾದದ್ದು ಛಿದ್ರಗೊಂಡ ಮಿಸ್ಟೆರಿನ ಚೂರುಗಳು ತಗುಲಿ ಎಂಬ ಇನ್ನೊಂದು ಕಥನವೂ ಪಾಕಿಸ್ತಾನಿ ಕಡೆಯಲ್ಲಿ ಉಂಟು. ಎರಡರಲ್ಲಿ ಯಾವುದು ಗ್ರಾಹ್ಯ? ಪಾಕಿಸ್ತಾನಕ್ಕೆ ಅನುಕೂಲವಾದ ಕಥನ ಚೂರುಗಳದು. ಏಕೆಂದರೆ ಅದರಲ್ಲಿ ಶ್ರೇಷ್ಠವಾದ ವಿಮಾನವು ಹಳೆಯದಾದ ವಿಮಾನದಿಂದ ಸೋಲಲಿಲ್ಲ, ಕೇವಲ ದುರ್ದೈವಕ್ಕೆ ಸಿಕ್ಕಿತು. ಪಾಕಿಸ್ತಾನದ ನೆರವಿನಿಂದ ಬರೆದ ಲೇಖಕನೊಬ್ಬನು ಆ ಅನುಕೂಲವನ್ನು ಬಿಟ್ಟು, ಮಿಸ್ಟೆರಿನ ತೋಪುಗಳಿಂದ ಸ್ಟಾರ್‌ಫೈಟರ್ ಉರುಳಿತೆಂದು ಬರೆದಿದ್ದಾನೆ. ಹಿತಕ್ಕೆ ವಿರುದ್ಧವಾಗಿ ನುಡಿದ ಸಾಕ್ಷ್ಯವು ಹಿತಾನುಕೂಲವಾದ ಸಾಕ್ಷ್ಯಕ್ಕಿಂತ ಬಲಿಷ್ಠವೆಂಬುದು ನ್ಯಾಯಾಲಯಗಳಲ್ಲಿಯೂ ಇತಿಹಾಸದಲ್ಲಿಯೂ ಒಪ್ಪಿದ ಮಾತು. ಆದುದರಿಂದ ನಾವು ಫ್ರಿಕರನ ಕಥನವನ್ನೇ ಗ್ರಾಹ್ಯವೆಂದು ಎಣಿಸುತ್ತೇವೆ.

ಆದರೆ ಇಷ್ಟಕ್ಕೇ ನಿಲ್ಲದೆ ಮುಂದುವರಿದವರು ಬಹುಮಂದಿ. ದೇವಯ್ಯನವರು ಸಾವನ್ನು ನಿಶ್ಚಯಿಸಿಕೊಂಡೇ ಎದುರಾಳಿಗೆ ಢಿಕ್ಕಿ ಹೊಡೆದರೆಂದೂ, ಕಡೆಯ ಗಳಿಗೆಯಲ್ಲಿ ಹೀಗೆ ಯೋಚಿಸಿದರೆಂದೂ ಹೇಳುವ ಕಥೆಗಳು ಕೇಳಬರುತ್ತವೆ. ಇವಕ್ಕೆ ಆಧಾರವಿಲ್ಲ. ಆ ಕಾಳಗದಿಂದ ಬದುಕಿ ಬಂದವನು ಒಬ್ಬನೇ, ಅವನೂ ಎದುರಾಳಿ. ದೇವಯ್ಯನವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅವನೂ ಬಲ್ಲವನಲ್ಲ. ಏಟು ತಿಂದ ವಿಮಾನದಲ್ಲಿ ಕುಳಿತು, ತನಗಿಂತ ಎಷ್ಟೋ ವೇಗದ ವಿಮಾನವನ್ನು ಎದುರಿಸಿ ಕೆಡವಿದ ಕಾರ್ಯವೇ ಸಾಕಷ್ಟು ದೊಡ್ಡದು. ಅದರ ಮೇಲೆ ಕಲ್ಪನೆಯ ಭಾರವನ್ನು ಹೇರುವುದರಿಂದ ದೃಢವಾದ ಸಂಗತಿಗೂ ಅಪನಂಬಿಕೆಯ ಸೋಂಕು ತಗಲುತ್ತದೆ.

(೪)

ಎರಡನೆಯ ಪ್ರಸಂಗವೂ ಅದೇ ದಿನದ್ದು, ಅದೇ ಸರ್ಗೋಧಾದ್ದು. ಪಾಕಿಸ್ತಾನದ ೧೧ನೆಯ ಸ್ಕ್ವಾಡ್ರನ್ನಿನ ಸ್ಕ್ವಾಡ್ರನ್ ಲೀಡರ್ ಎಂ. ಎಂ. ಆಲಂ ಸೇಬರ್ ವಿಮಾನದಲ್ಲಿ ಹಾರಿ, ಭಾರತದ ಐದು ಹಂಟರ್ ವಿಮಾನಗಳನ್ನು ಒಂದು ನಿಮಿಷದೊಳಗೆ ಉರುಳಿಸಿದನೆಂಬುದು ಆ ದೇಶದಲ್ಲಿ ಮನೆಮಾತಾಗಿದೆ. ೨೦೧೩ರಲ್ಲಿ ಆತನು ತೀರಿಕೊಂಡಾಗಲೂ ಈ ಸಂಖ್ಯೆಯೇ ಎಲ್ಲೆಡೆ ಮೊಳಗಿತು.

ಮೇಲೆ ಹೇಳಿದ ಸೂತ್ರದಂತೆ ನಾವು ಸೋತವರ ಪುಸ್ತಕವನ್ನು ತೆರೆಯಬೇಕು. ಈ ಸಲ ಆ ಪುಸ್ತಕ ನಮ್ಮದು. ಆ ದಿನ ಹಲ್ವಾರಾದಿಂದ ಸರ್ಗೋಧಾದ ಕಡೆಗೆ ಹೋದ ಹಂಟರ್ ತಂಡಗಳ ಪೈಕಿ ಹಿಂತಿರುಗದವರು ಮೂವರು: ೭ನೆಯ ಸ್ಕ್ವಾಡ್ರನ್ನಿನ ಭಾಗವತ್ ಮತ್ತು ಬ್ರಾರ್, ೨೭ನೆಯ ಸ್ಕ್ವಾಡ್ರನ್ನಿನ ಕಕ್ಕರ್. ಮೊದಲ ಇಬ್ಬರು ಮಡಿದರು, ಕಕ್ಕರ್ ಸೆರೆಸಿಕ್ಕರು. ಕಕ್ಕರ್ ಅವರ ವಿಮಾನದ ನಷ್ಟಕ್ಕೆ ಕಾರಣವೇನೆಂಬಲ್ಲಿ ಉಭಯಪಕ್ಷಗಳಿಗೂ ಮತಭೇದವಿದೆ. ಅದನ್ನೂ ಆಲಂನ ಲೆಕ್ಕಕ್ಕೇ ಸೇರಿಸಿದರೂ ಮೂರಾಯಿತು, ಐದಾಗುವುದಿಲ್ಲ. ಉಳಿದೆರಡು ವಿಮಾನಗಳ ಚಾಲಕರು ಯಾರು? ಸತ್ತಿದ್ದರೆ ಹೆಸರೆಲ್ಲಿ? ಸೆರೆಸಿಕ್ಕಿದ್ದರೆ ಪಟ್ಟಿಯೆಲ್ಲಿ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿರುವವರೆಗೆ ಐದೆಂಬ ಸಂಖ್ಯೆ ಐತಿಹ್ಯವಾಗಿಯೇ ಉಳಿಯಬೇಕು. ಈ ಸಂಖ್ಯೆಯನ್ನು ಶಂಕಿಸಿದವರಲ್ಲಿ ಪಾಕಿಸ್ತಾನದ ವಾಯುದಳದ ಹಿರಿಯ ಅಧಿಕಾರಿಯೇ ಆಗಿದ್ದ ಸಜ್ಜಾದ್ ಹೈದರ್ ಒಬ್ಬರೆಂಬುದು ಗಮನಾರ್ಹ. ಅವರು ತಮ್ಮ ಆತ್ಮವೃತ್ತಾಂತವನ್ನು ೨೦೦೯ರಲ್ಲಿ ಪ್ರಕಟಿಸಿ, ತಮ್ಮ ದೇಶದ ಯುದ್ಧಕಥೆಗಳಲ್ಲಿ ಹಲವನ್ನು ಒರೆಗೆ ಹಚ್ಚಿದ್ದಾರೆ.

ಆದರೆ ಇದರಿಂದ ಆಲಂನ ಸಾಹಸವೆಲ್ಲ ಸುಳ್ಳೆಂದು ತೀರ್ಮಾನಿಸುವುದು ಅಷ್ಟೇ ಅವಿಚಾರ. ಒಂದೇ ಹಾರಾಟದಲ್ಲಿ ಎರಡು ಹಂಟರುಗಳನ್ನು ಕೆಡವಿದ್ದರೂ ಅದು ಸಾಮಾನ್ಯ ಕಾರ್ಯವಲ್ಲ. ನಾವು ಕಳೆಯುತ್ತಿರುವುದು ಸಂಖ್ಯೆಯನ್ನು, ಕೌಶಲವನ್ನಲ್ಲ.

(೫)

ಪರರ ಐತಿಹ್ಯಗಳನ್ನು ಒರೆಗೆ ಹಚ್ಚುವ ಉತ್ಸಾಹ ನಮ್ಮದೇ ಐತಿಹ್ಯಗಳ ಮುಂದೆ ಕುಗ್ಗುವುದಾದರೆ ಅದನ್ನು ವಿಮರ್ಶೆಯೆನ್ನಲಾಗದು. ಆದ್ದರಿಂದ ಮೂರನೆಯ ಪ್ರಸಂಗ. ೧೯೬೫ರ ಸೆಪ್ಟೆಂಬರ್ ೩ರಂದು ಛಂಬ್ ಪ್ರದೇಶದ ಮೇಲೆ ನಡೆದ ಕಾಳಗದಲ್ಲಿ ೨೩ನೆಯ ಸ್ಕ್ವಾಡ್ರನ್ನಿನ ಟ್ರೆವರ್ ಕೀಲರ್ ತಮ್ಮ ನ್ಯಾಟ್ ವಿಮಾನದಿಂದ ಒಂದು ಸೇಬರ್ ವಿಮಾನವನ್ನು ಉರುಳಿಸಿದರೆಂದು ಘೋಷಿತವಾಯಿತು. ಇದನ್ನು ಭಾರತದ ವಾಯುದಳದ ಪ್ರಥಮ ಜಯವೆಂದು ದೇಶವೆಲ್ಲ ಕೊಂಡಾಡಿತು. ಕೀಲರ್ ಅವರಿಗೆ ವೀರಚಕ್ರ ದೊರೆಯಿತು. ನ್ಯಾಟ್ ವಿಮಾನಗಳು ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುವಾದುದರಿಂದ ಕನ್ನಡನಾಡಿಗೆ ಈ ಕಥೆಯಲ್ಲಿ ಒಂದು ಪಾಲೂ ಇತ್ತು.

ಪಾಕಿಸ್ತಾನದ ದಾಖಲೆ ಇನ್ನೊಂದನ್ನು ಹೇಳುತ್ತದೆ. ಕೀಲರ್ ಅವರ ಗುಂಡುಗಳು ತಗುಲಿದ ಸೇಬರ್ ವಿಮಾನವನ್ನು ನಡೆಸುತ್ತಿದ್ದವನು ಫ್ಲೈಟ್ ಲೆಫ್ಟಿನೆಂಟ್ ಯೂಸುಫ್ ಅಲಿ ಖಾನ್. ವಿಮಾನವು ಬಲವಾಗಿ ಜಖಂಗೊಂಡರೂ ಆತನು ಅದನ್ನು ತನ್ನ ನಿಲ್ದಾಣಕ್ಕೆ ಒಯ್ದು ಇಳಿಸಿದನು. ಗುಂಡು ತಗುಲಿತೆಂಬ ಕೀಲರ್ ಅವರ ಮಾತು ನಿಜ. ವಿಮಾನ ಬಿದ್ದಿತೆಂಬ ನಮ್ಮ ಘೋಷಣೆ ನಿಜವಲ್ಲ. ಹೀಗೆಂದ ಮಾತ್ರಕ್ಕೆ ಕೀಲರ್ ಅವರ ಧೈರ್ಯಕ್ಕೆ ಕುಂದಿಲ್ಲ. ಎದುರಾಳಿಯ ಗತಿಯನ್ನು ಹಿಂಬಾಲಿಸಿ ನೋಡುವ ಅವಕಾಶ ಅವರಿಗಿರಲಿಲ್ಲ. ಆದರೆ ಇತಿಹಾಸದ ಪಠ್ಯದಲ್ಲಿ ಬರೆಯುವಾಗ, ಸೇಬರ್ ವಿಮಾನವು ಜಖಂಗೊಂಡು ಹಿಂತಿರುಗಿತೆಂದೇ ಬರೆಯತಕ್ಕದ್ದು.

(೬)

ಈ ಪ್ರಸಂಗಗಳನ್ನು ಕುರಿತ ಸಾಹಿತ್ಯವನ್ನು ಸಂಗ್ರಹವಾಗಿ ಅವಲೋಕಿಸೋಣ. ಫ್ರಿಕರನ ಗ್ರಂಥವು ಒಂದೇ ಪಕ್ಷದ ಸಾಮಗ್ರಿಯನ್ನು ಆಧರಿಸಿದ್ದು. ಆ ಪಕ್ಷದ ನಷ್ಟಗಳ ವಿಷಯದಲ್ಲಿ ಅದರ ಮಾತಿಗೆ ಬೆಲೆ ಹೆಚ್ಚು, ಜಯಗಳ ವಿಷಯದಲ್ಲಿ ಕಡಿಮೆ. ಭಾರತದ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವು ಎಸ್. ಎನ್. ಪ್ರಸಾದರ ಸಂಪಾದಕತ್ವದಲ್ಲಿ ೧೯೯೨ರಲ್ಲಿ ಸಿದ್ಧಪಡಿಸಿದ ಅಧಿಕೃತ ಇತಿಹಾಸವು ಸಾಮಾನ್ಯ ಓದುಗರ ಕೈಗೆ ಬರಲು ಮತ್ತೆ ಹಲವು ವರ್ಷಗಳು ಹಿಡಿದುವು. ೨೦೦೫ರಲ್ಲಿ ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಪ್ರಕಟಿಸಿದ ಗ್ರಂಥವು ನಮ್ಮ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಉಪಯುಕ್ತ. ಏಕೆಂದರೆ ಇದರಲ್ಲಿ ಒಂದು ಪಕ್ಷದ ಹಕ್ಕೊತ್ತಾಯವನ್ನು ಇನ್ನೊಂದು ಪಕ್ಷದ ನಷ್ಟದೊಡನೆ ತಾಳೆ ನೋಡುವ ಪದ್ಧತಿಯನ್ನು ಅನುಸರಿಸಲಾಗಿದೆ. ೨೦೨೫ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು ದೇವಯ್ಯನವರ ವೃತ್ತಾಂತದಿಂದ ಪ್ರೇರಿತವಾದುದು. ಅದರ ಪಾತ್ರಗಳ ಹೆಸರುಗಳೇ ಬೇರೆ. ಚಿತ್ರಕಾರನಿಗೆ ಆ ಸ್ವಾತಂತ್ರ್ಯವುಂಟು. ಆದರೆ ಅದರ ಸಂಭಾಷಣೆಯನ್ನು ಕಿರುಪ್ರಬಂಧದಲ್ಲಿ ಆಧಾರವಾಗಿ ಬಳಸುವ ಸ್ವಾತಂತ್ರ್ಯ ವಿದ್ಯಾರ್ಥಿಗಿಲ್ಲ.

(೭)

ಈ ಪದ್ಧತಿಯು ವಿಮಾನಗಳಿಗೆ ಮಾತ್ರ ಮೀಸಲಲ್ಲ. ನಮ್ಮ ನಗರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ್ ತೋಪನ್ನೇ ತೆಗೆದುಕೊಳ್ಳೋಣ. ೧೫೬೫ರ ತಾಳಿಕೋಟೆಯ ಯುದ್ಧದಲ್ಲಿ ಇದೇ ತೋಪು ವಿಜಯನಗರದ ಸೈನ್ಯವನ್ನು ಧ್ವಂಸಮಾಡಿತೆಂದು ಊರಿನವರೂ ಮಾರ್ಗದರ್ಶಕರೂ ಹೇಳುತ್ತಾರೆ. ತೋಪಿನ ಮೇಲೆಯೇ ಇರುವ ಶಾಸನದಿಂದ ಅದು ೧೫೪೯ರಲ್ಲಿ ಅಹಮದನಗರದ ನಿಜಾಮಶಾಹಿಗಾಗಿ ಎರಕಗೊಂಡದ್ದೆಂದು ತಿಳಿಯುತ್ತದೆ. ಅದು ಪರಾಂಡಾ ಕೋಟೆಯಿಂದ ಇಲ್ಲಿಗೆ ಬಂದದ್ದು ೧೬೩೨ರಲ್ಲಿ. ಔರಂಗಜೇಬನ ಕಾಲದಲ್ಲಿ ಕೆತ್ತಿಸಿದ ಇನ್ನೊಂದು ಶಾಸನವು ವಿಜಾಪುರದ ವಿಜಯವನ್ನು ಹೇಳುತ್ತದೆ, ತಾಳಿಕೋಟೆಯನ್ನಲ್ಲ. ೧೫೬೫ರಲ್ಲಿ ಅಹಮದನಗರವು ಮಿತ್ರಕೂಟದಲ್ಲಿತ್ತಾದುದರಿಂದ ತೋಪು ಯುದ್ಧಕ್ಕೆ ಬಂದಿರುವುದು ಅಸಂಭವವಲ್ಲ. ಆದರೆ ಅಸಂಭವವಲ್ಲ ಎಂಬುದು ಒಂದು, ಸಿದ್ಧವಾಗಿದೆ ಎಂಬುದು ಇನ್ನೊಂದು. ಸುಮಾರು ೫೫ ಟನ್ ಭಾರದ ತೋಪನ್ನು ಕೃಷ್ಣಾತೀರದವರೆಗೆ ಎಳೆದು ತಂದ ವೃತ್ತಾಂತಕ್ಕೆ ತೋಪಿನ ಶಾಸನಗಳಿಂದ ಬೆಂಬಲವಿಲ್ಲವೆಂಬಷ್ಟನ್ನು ಮಾತ್ರ ನಾವು ಹೇಳಬಲ್ಲೆವು.

ಹೀಗಿರಲು, ಯುದ್ಧೈತಿಹ್ಯಗಳನ್ನು ಕುರಿತು ಬರೆಯುವ ವಿದ್ಯಾರ್ಥಿಯು ಗಮನದಲ್ಲಿಡಬೇಕಾದ ಕೆಲವು ಅಂಶಗಳನ್ನು ಕ್ರೋಡೀಕರಿಸಬಹುದು. ಒಂದನೆಯದಾಗಿ, ಹಕ್ಕೊತ್ತಾಯ, ನಷ್ಟ, ನಷ್ಟದ ಕಾರಣ ಈ ಮೂರನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಒಂದು ಸಿದ್ಧವಾದರೆ ಉಳಿದವೂ ಸಿದ್ಧವಾದುವೆಂದು ತಿಳಿಯಬಾರದು. ಎರಡನೆಯದಾಗಿ, ದಿನಾಂಕದಿಂದ ತೃಪ್ತರಾಗದೆ ವೇಳೆ, ಸ್ಥಳ, ವಿಮಾನದ ಜಾತಿಗಳನ್ನು ತಾಳೆ ನೋಡಬೇಕು. ದೇವಯ್ಯ-ಗುಹಾ ಅವರ ಪ್ರಸಂಗವೇ ಇದಕ್ಕೆ ಸಾಕ್ಷಿ. ಮೂರನೆಯದಾಗಿ, ಪ್ರತಿಯೊಂದು ಸಂಖ್ಯೆಗೂ ಹೆಸರುಗಳನ್ನು ಕೇಳಬೇಕು. ಹೆಸರಿಲ್ಲದ ಸಂಖ್ಯೆಯನ್ನು ಪಠ್ಯಕ್ಕೆ ಸೇರಿಸಬಾರದು. ನಾಲ್ಕನೆಯದಾಗಿ, ಸಾಕ್ಷಿಯ ಹಿತವು ಯಾವ ಕಡೆಗಿದೆಯೆಂದು ಅರಿತು ಅವನ ಮಾತನ್ನು ತೂಗಬೇಕು. ಐದನೆಯದಾಗಿ, ಯಾರೂ ಕಾಣದ ಗಳಿಗೆಯನ್ನು ಖಾಲಿಯಾಗಿಯೇ ಬಿಡುವ ಸಂಯಮವಿರಬೇಕು.

ದಾಖಲೆಗಳ ಪರಿಶೀಲನೆಯು ವೀರರನ್ನು ಕೀಳುಗಳೆಯುವ ಕೆಲಸವೆಂಬ ಶಂಕೆ ನಮ್ಮಲ್ಲಿ ಹಲವರಿಗಿದೆ. ಮೇಲಿನ ಮೂರು ಪ್ರಸಂಗಗಳಲ್ಲಿ ಎರಡರಲ್ಲಿ ಪರಿಶೀಲನೆಯಿಂದ ಖ್ಯಾತಿಯ ಸಂಖ್ಯೆ ತಗ್ಗಿತೆಂಬುದು ನಿಜ. ಆದರೆ ಮೊದಲನೆಯದರಲ್ಲಿ ಸಂಭವಿಸಿದ್ದು ಅದಕ್ಕೆ ತೀರ ವಿರುದ್ಧವಾದುದು. ದೇವಯ್ಯನವರಿಗೆ ಸಾಕ್ಷಿಗಳಿರಲಿಲ್ಲ, ಹೇಳಿಕೊಳ್ಳಲು ಅವರೇ ಉಳಿದಿರಲಿಲ್ಲ, ಅವರ ಕುಟುಂಬಕ್ಕೆ ೨೩ ವರ್ಷಗಳ ಕಾಲ ಉಳಿದಿದ್ದುದು ಕಾಣೆಯಾದರೆಂಬ ಮಾತೊಂದೇ. ಎದುರಾಳಿಯ ಕಡೆಯ ಬರಹವನ್ನು ಓದಿ, ಅದನ್ನು ನಮ್ಮ ಕಡೆಯ ಪಟ್ಟಿಯೊಡನೆ ಹೋಲಿಸಿದುದರಿಂದಲೇ ಅವರ ಕಾರ್ಯ ಬೆಳಕಿಗೆ ಬಂದಿತು. ಶತ್ರುವಿನ ಬರಹವೆಂದು ಅದನ್ನು ಓದದೆ ಬಿಟ್ಟಿದ್ದರೆ, ಅಥವಾ ನಮ್ಮವರು ಕಾಣದ್ದು ನಡೆಯಲೇ ಇಲ್ಲವೆಂದು ಹಟಹಿಡಿದಿದ್ದರೆ, ಈ ವೃತ್ತಾಂತ ಇಂದಿಗೂ ಅಜ್ಞಾತವಾಗಿಯೇ ಇರುತ್ತಿತ್ತು. ಇಂಥ ಪರಿಶೀಲನೆಯನ್ನು ನಮ್ಮ ಕಾಲೇಜುಗಳ ಇತಿಹಾಸ ತರಗತಿಗಳಲ್ಲಿ ಅಭ್ಯಾಸಕ್ರಮದ ಒಂದು ಭಾಗವಾಗಿ ನಡೆಯಿಸುವುದು ಅಪೇಕ್ಷಣೀಯ. ಅದಕ್ಕೆ ದೊಡ್ಡ ಗ್ರಂಥಾಲಯವು ಬೇಕೇಬೇಕೆಂದಿಲ್ಲ. ಉಭಯಪಕ್ಷಗಳ ಒಂದೊಂದು ಗ್ರಂಥವೂ, ಎರಡು ಅಂಕಣಗಳ ಒಂದು ಪಟ್ಟಿಯೂ ಇದ್ದರೆ ಕೆಲಸವನ್ನು ಪ್ರಾರಂಭಿಸಬಹುದು.